ಟೈರ್ ಸುಳಿವು ಕೊಟ್ಟರೆ ರೇಸ್‌ಗೆ ಕಡಿವಾಣ ಬೇಕಾ?

ಪರ

ಸುಮ್ನೆ ಗಾಳಿ ಹಾಕಿಸೋಣ ಅಂತ ಹುಬ್ಬಳ್ಳಿಯ ಗೋಕುಲ ರೋಡ್‌ನ ಪಂಕ್ಚರ್ ಅಂಗಡಿಯಲ್ಲಿ ಕಾರು ನಿಲ್ಲಿಸಿದ್ದೆ. ಅಂಗಡಿಯವ ಟೈರ್ ಬದಿಯ ಉಬ್ಬನ್ನು ಹೆಬ್ಬೆರಳಿಂದ ಒತ್ತಿ, 'ಇದು ಧಾರವಾಡ ಮುಟ್ಟಂಗಿಲ್ರಿ ಸರ' ಎಂದ. ಒಳಗಿನ ದಾರ ಹರಿದರೆ ರಬ್ಬರ್ ಹಾಗೆ ಉಬ್ಬುತ್ತದೆ. ಸ್ಟೆಪ್ನಿ ಹಾಕಿಸಿಕೊಂಡೇ ಬೈಪಾಸ್ ಹತ್ತಿದೆ.

2023ರಲ್ಲಿ ಕತಾರ್‌ನ ಫಾರ್ಮುಲಾ ಒನ್ ರೇಸ್‌ನಲ್ಲಿ ಈ ಕೆಲಸ ಟೈರ್ ಪೂರೈಸುವ ಪಿರೆಲಿ ಕಂಪನಿ ಮಾಡಿತು. ಶುಕ್ರವಾರ ಓಡಿದ ಟೈರ್‌ಗಳನ್ನು ಪರೀಕ್ಷಿಸಿದಾಗ, ಬದಿಯ ರಬ್ಬರ್ ಒಳದಾರದಿಂದ ಬಿಟ್ಟುಕೊಳ್ಳುತ್ತಿತ್ತು. ಟ್ರ್ಯಾಕ್ ಅಂಚಿನ ಉಬ್ಬುಕಟ್ಟೆಗಳ, ಅಂದರೆ ಕರ್ಬ್‌ಗಳ ಏಟು. ಒಂದು ಸೆಟ್ ಟೈರ್‌ಗೆ 18 ಲ್ಯಾಪ್ (ಟ್ರ್ಯಾಕ್‌ನ ಸುತ್ತು) ಸಾಕು ಎಂದು ರೇಸ್ ನಿಯಂತ್ರಿಸುವ ಸಂಸ್ಥೆ ಎಫ್‌ಐಎ ಮಿತಿ ಹಾಕಿತು. ಒಡೆಯುವವರೆಗೆ ಕಾಯಲಿಲ್ಲ.

ಕಾದರೆ ಏನಾಗುತ್ತೆ ಅಂತ 2021ರಲ್ಲಿ ಅಜರ್ಬೈಜಾನ್‌ನ ಬಾಕು ರೇಸ್‌ನಲ್ಲಿ ನೋಡಿದ್ದೇವೆ. ನೇರ ರಸ್ತೆಯಲ್ಲಿ ಲ್ಯಾನ್ಸ್ ಸ್ಟ್ರೋಲ್ ಕಾರಿನ ಎಡ ಹಿಂದಿನ ಟೈರ್ ಹೋಯಿತು. ಇದಕ್ಕಿಂತ ದೊಡ್ಡ ಸುಳಿವು ಬೇಕಾ? ಕಾರು ಎತ್ತಿಸಿ ರೇಸ್ ಮುಂದುವರಿಸಿದರು. ಆಮೇಲೆ ಎಲ್ಲರಿಗಿಂತ ಮುಂದಿದ್ದ ವರ್ಸ್ಟಾಪನ್‌ಗೂ ಅದೇ ರಸ್ತೆ, ಅದೇ ಎಡ ಹಿಂದಿನ ಟೈರ್. ಇಬ್ಬರೂ ಕಾರಿನಿಂದ ಇಳಿದು ನಡೆದರು, ಪುಣ್ಯ. ಗೆಲ್ಲುತ್ತಿರುವ ಕಾರನ್ನು ಯಾವ ತಂಡ ತಾನಾಗಿ ಪಿಟ್‌ಗೆ, ಅಂದರೆ ಟೈರ್ ಬದಲಿಸುವ ಜಾಗಕ್ಕೆ, ಕರೆಯುತ್ತೆ ಹೇಳಿ?

ವಿರೋಧ

ಪಂಕ್ಚರ್ ಅಂಗಡಿಯವ ಒಂದು ಟೈರ್ ಮುಟ್ಟಿ ನೋಡಿ ಹೇಳಿದ. ಹುಬ್ಬಳ್ಳಿಯ ಎಲ್ಲ ಕಾರುಗಳೂ ಟೈರ್ ಬದಲಿಸಲಿ ಅನ್ನಲಿಲ್ಲ, ಅಲ್ವಾ? ಕತಾರ್‌ನಲ್ಲಿ ಮಾತ್ರ ಎಲ್ಲರಿಗೂ ಒಂದೇ ಅಳತೆ. ಕರ್ಬ್ ತಪ್ಪಿಸಿ ಓಡಿಸುವವನಿಗೂ 18, ಕರ್ಬ್ ಮೇಲೇ ಓಡಿಸುವವನಿಗೂ 18. ರೇಸ್ 57 ಲ್ಯಾಪ್, ಹಾಗಾಗಿ ಎಲ್ಲರಿಗೂ ಕನಿಷ್ಠ ಮೂರು ಸಲ ಪಿಟ್. ಟೈರ್ ಉಳಿಸಿ ಓಡಿಸುವ ಕೈಚಳಕಕ್ಕೆ ಬೆಲೆಯೇ ಇಲ್ಲ. ಉಳಿಸುವುದೇನೂ ಇಲ್ಲದ ಮೇಲೆ ಎಲ್ಲರೂ ಪ್ರತಿ ಲ್ಯಾಪ್ ಜೋರಾಗಿಯೇ ಓಡಿಸಿದರು. ಆ ಸೆಕೆಯಲ್ಲಿ ಚಾಲಕ ಓಕಾನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡ. ಇನ್ನೊಬ್ಬ ಚಾಲಕ ಸಾರ್ಜೆಂಟ್ ರೇಸನ್ನು ಅರ್ಧಕ್ಕೇ ಕೈಬಿಟ್ಟ. ಮುಖ್ಯ ತಪ್ಪು ಸೆಕೆಯದೇ, ಒಪ್ಪುತ್ತೇನೆ. ಆದರೆ ನಿಯಮವೂ ತುಪ್ಪ ಸುರಿಯಿತು.

ತಪ್ಪು ಕರ್ಬ್‌ನದಾದರೆ ಕರ್ಬ್ ಸರಿಮಾಡಿ.

ಇನ್ನು ಯಾವ ತಂಡ ಕರೆಯುತ್ತೆ ಅನ್ನೋ ಪ್ರಶ್ನೆ. 2020ರ ಬ್ರಿಟನ್ನಿನ ಸಿಲ್ವರ್‌ಸ್ಟೋನ್ ರೇಸ್‌ನಲ್ಲಿ, ಕೊನೆಯಲ್ಲಿ ಚಾಲಕ ಬೊಟಾಸ್‌ನ ಟೈರ್ ಹೋದ ಮೇಲೆ ರೆಡ್ ಬುಲ್ ತಂಡ ಎರಡನೇ ಸ್ಥಾನದಲ್ಲಿದ್ದ ವರ್ಸ್ಟಾಪನ್‌ನನ್ನು ಕರೆದು ಹೊಸ ಟೈರ್ ಹಾಕಿತು. ಮುಂದಿದ್ದ ಹ್ಯಾಮಿಲ್ಟನ್ ಒಳಗೆ ಬರಲಿಲ್ಲ. ಕೊನೇ ಲ್ಯಾಪ್‌ನಲ್ಲಿ ಅವನ ಟೈರೂ ಹೋಯಿತು, ಮೂರು ಚಕ್ರದಲ್ಲೇ ಎಳೆದುಕೊಂಡು ಬಂದು ಗೆದ್ದ. ಹೊಸ ಟೈರಿನವನು 6 ಸೆಕೆಂಡೂ ಹಿಂದಿರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲಿ, ಟಿವಿ ಮುಂದೆ, ತಟ್ಟೆಯ ಮಿರ್ಚಿ ತಣ್ಣಗಾಗಿದ್ದು ಯಾರಿಗೂ ಗೊತ್ತಾಗಲಿಲ್ಲ.