ಕ್ರೆಡಿಟ್ ಯಾವ ಕಷಾಯಕ್ಕೆ?

ನಮ್ಮನೇಲಿ ಕಾಯಿಲೆ ಬಂದ್ರೆ ಅಷ್ಟು ಭಯ ಇಲ್ಲ, ಬಂದಿದೆ ಅಂತ ಉಳಿದವ್ರಿಗೆ ಗೊತ್ತಾದ್ರೆ ಭಯ. ಒಂದೇ ಒಂದು ಸೀನು ಸ್ವಲ್ಪ ಜೋರಾಗಿ ಬಂತು ಅಂದ್ಕೊಳ್ಳಿ, ಅಡುಗೆಮನೇಲಿ ಅತ್ತೆ ಶುಂಠಿ ಜಜ್ಜೋ ಸದ್ದು ಶುರು, ಮಾವ ಹೋಮಿಯೋಪಥಿ ಡಬ್ಬಿ ಹುಡುಕ್ತಾರೆ, ನಾದಿನಿ ಅವಳ ಮನೆಯಿಂದ್ಲೇ ಯಾವುದೋ ರೀಲ್ಸ್ ಕಳಿಸ್ತಾಳೆ, ನಮ್ಮನೆಯವ್ರು ಅಷ್ಟೊತ್ತಿಗೆ ಗೂಗಲ್ ಮಾಡಿ ನೆಗಡಿಯಿಂದ ಹೊರಟು ಕಿಡ್ನಿವರೆಗೂ ಹೋಗಿ ವಾಪಸ್ ಬಂದಿರ್ತಾರೆ.

ಮಾಮೂಲಿ ನೆಗಡಿ ವೈರಸ್ಸಿಂದ ಬರೋದು, ಏನೂ ಮಾಡ್ದಿದ್ರೂ ವಾರ ಹತ್ತು ದಿನದಲ್ಲಿ ತಾನಾಗೇ ಹೋಗತ್ತೆ. ಈ ಮಾತನ್ನ ನಮ್ಮನೇಲಿ ಹೇಳೋ ಹಾಗಿಲ್ಲ, ಹೇಳಿದ್ರೆ ಅಷ್ಟೂ ಜನಕ್ಕೆ ಒಟ್ಟಿಗೆ ಅವಮಾನ. ಅದಕ್ಕೆ ಪೇಷೆಂಟ್ ಆದವ್ರು ಬಾಯಿ ಮುಚ್ಕೊಂಡು ಎಲ್ಲಾ ತಗೋಬೇಕು. ಕಷಾಯ, ಮಾತ್ರೆ, ಹಬೆ, ಎದೆಗೆ ಬಿಸಿ ಎಣ್ಣೆ, ರೀಲ್ಸಲ್ಲಿ ಬಂದ ಈರುಳ್ಳಿ ಸಾಕ್ಸು, ಎಲ್ಲ. ಆಮೇಲೆ ಯಾವತ್ತೋ ಮೂಗು ಬಿಟ್ಟ ತಕ್ಷಣ ಶುರುವಾಗೋದು ನಿಜವಾದ ತಲೆನೋವು, ವಾಸಿಯಾಗಿದ್ದು ಯಾರಿಂದ? ಕೊನೇ ಓವರಲ್ಲಿ ಬ್ಯಾಟ್ ಹಿಡ್ಕೊಂಡು ಬಂದವನಿಗೇ ಮ್ಯಾನ್ ಆಫ್ ದಿ ಮ್ಯಾಚ್ ಕೊಟ್ಟ ಹಾಗೆ, ಕಡೇಲಿ ಏನು ಕುಡಿಸಿದ್ರೋ ಅದಕ್ಕೇ ಕ್ರೆಡಿಟ್. ಇದು ಗೊತ್ತಿರೋದಕ್ಕೇ ಅತ್ತೆ ಯಾವಾಗ್ಲೂ ಮಲಗೋ ಟೈಮಿಗೆ ಸರಿಯಾಗಿ ಇನ್ನೊಂದು ಲೋಟ ಹಿಡ್ಕೊಂಡು ಬರೋದು ಅಂತ ನನಗೆ ಅನುಮಾನ.

ಅತ್ತೆ ಅರಿಶಿನದ ಹಾಲಿಗೆ ಕಾಳುಮೆಣಸು ಹಾಕ್ತಾರೆ. ನಮ್ಮನೆಯವ್ರು ಗೂಗಲ್‌ನಲ್ಲಿ ಹುಡುಕಿ, 1998ರಲ್ಲೇ ಒಂದು ಸ್ಟಡಿ ಆಗಿದೆಯಂತೆ, ಅರಿಶಿನದಲ್ಲಿರೋ ಕರ್ಕ್ಯುಮಿನ್ ಸುಮ್ನೆ ತಿಂದ್ರೆ ಮೈಗೆ ಹತ್ತೋದೇ ಕಮ್ಮಿ, ಮೆಣಸಿನ ಪೈಪರಿನ್ ಜೊತೆ ಕೊಟ್ರೆ ಶೇಕಡ 2000ದಷ್ಟು ಜಾಸ್ತಿ ರಕ್ತಕ್ಕೆ ಸೇರತ್ತಂತೆ ಅಂತ ಓದಿ ಹೇಳಿದ್ರು. ಅತ್ತೆ ಮುಖ ನೋಡ್ಬೇಕಿತ್ತು. ಆದ್ರೆ ನಮ್ಮನೆಯವ್ರು ಅಲ್ಲಿಗೆ ನಿಲ್ಲಿಸ್ಲಿಲ್ಲ, ಆ ಸ್ಟಡೀಲಿ ಕೊಟ್ಟಿದ್ದು 2 ಗ್ರಾಂ ಕರ್ಕ್ಯುಮಿನ್, ಅರಿಶಿನದ ಪುಡೀಲಿ ಅದು ಇರೋದೇ ಶೇಕಡ 3ರ ಆಸುಪಾಸು, ಅಂದ್ರೆ ಒಂದು ಲೋಟ ಹಾಲಿಗೆ ಅರವತ್ತು ಗ್ರಾಂ ಮೇಲೆ ಪುಡಿ ಹಾಕ್ಬೇಕಲ್ಲಮ್ಮ ಅಂತ ಲೆಕ್ಕ ಹಾಕಿದ್ರು. ಅದನ್ನ ಕುಡಿಯೋಕಾಗಲ್ಲ, ಗೋಡೆಗೆ ಬಳೀಬಹುದು. ಅತ್ತೆ ಮೊದಲರ್ಧ ಮಾತ್ರ ಕೇಳಿಸ್ಕೊಂಡು ನಾದಿನಿಗೆ ಫೋನ್ ಮಾಡೋಕೆ ಹೋದ್ರು.

ಮಾವನ ಡಬ್ಬೀದು ಬೇರೆ ಕಥೆ. ಒಂದು ಮಧ್ಯಾಹ್ನ ನನ್ನ ಮಗ ಆ ಬಿಳಿ ಗುಳಿಗೆ ಬಾಟ್ಲೀನ ಪೂರ್ತಿ ಖಾಲಿ ಮಾಡಿ ಸೋಫಾ ಮೇಲೆ ಆರಾಮಾಗಿ ಕೂತಿದ್ದ. ನನ್ನ ಜೀವ ಬಾಯಿಗೆ ಬಂತು. ಡಾಕ್ಟ್ರಿಗೆ ಫೋನ್, ಬಾಟ್ಲಿ ಮೇಲಿರೋದನ್ನ ಓದಿ ಅಂದ್ರು, ಓದ್ದೆ, 30 ಸಿ ಅಂತಿತ್ತು. ಹಾಗಂದ್ರೆ ಮೂಲ ವಸ್ತುನ ನೂರು ಪಾಲಲ್ಲಿ ಒಂದು ಪಾಲಾಗೋ ಹಾಗೆ ಕಲಸಿ, ಅದನ್ನೇ ಮತ್ತೆ ನೂರಕ್ಕೊಂದು, ಹೀಗೆ ಮೂವತ್ತು ಸಲ, ಒಂದರ ಮುಂದೆ ಅರವತ್ತು ಸೊನ್ನೆ ಪಾಲಲ್ಲಿ ಒಂದು ಪಾಲು. ಮೂಲ ವಸ್ತುವಿನ ಒಂದು ಅಣು ಕೂಡ ಉಳಿದಿರೋ ಚಾನ್ಸ್ ಇಲ್ಲ, ಸಕ್ಕರೆ ತಿಂದಿದ್ದಾನೆ ಅಷ್ಟೇ, ಆದ್ರೂ ಇವತ್ತೊಂದಿನ ಕಣ್ಣಿಟ್ಟಿರಿ ಅಂದ್ರು. ಸಂಜೆವರೆಗೂ ಕಣ್ಣಿಟ್ಟಿದ್ದೆ, ಏನೂ ಆಗ್ಲಿಲ್ಲ. ಮಾವ "ನೋಡಮ್ಮ, ಎಷ್ಟು ಸೇಫು" ಅಂದ್ರು. ಮಗ ಇನ್ನೊಂದು ಬಾಟ್ಲಿ ಇದ್ಯಾ ಅಂತ ಕೇಳ್ದ.

ಹಾಗಂತ ಎಲ್ಲಾ ಬರೀ ಬೂಟಾಟಿಕೆ ಅಂತ ನಾನು ಹೇಳಲ್ಲ. ಹಲ್ಲುನೋವಿಗೆ ಲವಂಗ ಇಟ್ರೆ ಸ್ವಲ್ಪ ಕಮ್ಮಿಯಾಗೋದು ಅದ್ರಲ್ಲಿರೋ ಯೂಜಿನಾಲ್‌ನಿಂದ, ಡೆಂಟಿಸ್ಟ್‌ಗಳೂ ಅದನ್ನ ಬಳಸ್ತಾರೆ. ಹೊಟ್ಟೆ ತೊಳಸಿದ್ರೆ ಶುಂಠಿ ಒಳ್ಳೇದೇ. ಕೆಮ್ಮಿಗೆ ಒಂದು ಚಮಚ ಜೇನುತುಪ್ಪ ನಾನೂ ಕೊಡ್ತೀನಿ, ಆದ್ರೆ ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸೋಕೆ ಬಂದ್ರೆ ಮಾತ್ರ ಎಷ್ಟೇ ದೊಡ್ಡವ್ರಾಗ್ಲಿ ಕೈ ಹಿಡ್ಕೊಳ್ತೀನಿ, ಬೊಟುಲಿಸಂ ಅಂತ ಕೆಟ್ಟ ಕಾಯಿಲೆ ಬರಬಹುದು, ಅಲ್ಲಿ ತಮಾಷೆ ಇಲ್ಲ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚೋದೂ ಬೇಡ. ನಮ್ಮನೆಯವ್ರು ಬಿಸಿ ಬಾಣಲೆ ಮುಟ್ಟಿ ಕೈ ಸುಟ್ಕೊಂಡಾಗ 20 ನಿಮಿಷ ತಣ್ಣೀರಿನ ನಲ್ಲಿ ಕೆಳಗೆ ಹಿಡ್ಸಿದ್ದೆ, ಮಾವ ಪೇಸ್ಟಿನ ಮುಚ್ಚಳ ತೆಗೆದು ಅಷ್ಟೂ ಹೊತ್ತು ಸಿಂಕ್ ಪಕ್ಕದಲ್ಲೇ ಕಾಯ್ತಾ ನಿಂತಿದ್ರು.

ಅದೇ ಮಾವಂಗೆ ಮೊನ್ನೆ ಇದ್ದಕ್ಕಿದ್ದ ಹಾಗೆ ಬಿಪಿ ಜಾಸ್ತಿ, ಕಾಲು ಬೇರೆ ಊದಿತ್ತು. ಕರ್ಕೊಂಡು ಹೋದ್ವಿ.

"ಬೇರೆ ಏನಾದ್ರೂ ತಗೋತಿದ್ದೀರಾ ಸರ್?"

"ಏನೂ ಇಲ್ಲ ಡಾಕ್ಟ್ರೇ."

"ಜೇಬಲ್ಲಿ ಅದೇನು?"

ಪೆನ್ನಿನ ಪಕ್ಕದಲ್ಲಿ ಅರ್ಧ ಜಗಿದ ಜೇಷ್ಠಮಧು ಕಡ್ಡಿ, ತುದಿ ಬ್ರಷ್ ತರ ನಾರುನಾರಾಗಿ ಹೊರಗೆ ಇಣುಕ್ತಾ ಇತ್ತು. "ಇದು ಔಷಧಿ ಅಲ್ಲ ಡಾಕ್ಟ್ರೇ, ಬೇರು" ಅಂದ್ರು ಮಾವ. ಗಂಟಲು ಕೆರೆತ ಅಂತ ಅತ್ತೆ ಕೊಟ್ಟಿದ್ದು, ಸಿಹಿಯಾಗಿದೆ ಅಂತ ಇವ್ರು ದಿನಾ ಬೆಳಗಿಂದ ರಾತ್ರಿವರೆಗೂ ಜಗೀತಿದ್ರು, ಸಾಲದ್ದಕ್ಕೆ ಕಷಾಯಕ್ಕೂ ಅದೇ. ಅದ್ರಲ್ಲಿರೋ ಗ್ಲಿಸಿರೈಜಿನ್ ಜಾಸ್ತಿಯಾದ್ರೆ ಮೈಯಲ್ಲಿ ಉಪ್ಪು ನೀರು ನಿಂತ್ಕೊಳ್ಳತ್ತೆ, ಪೊಟ್ಯಾಸಿಯಂ ಇಳಿಯತ್ತೆ, ಬಿಪಿ ಏರತ್ತೆ ಅಂತ ಡಾಕ್ಟ್ರು ಬಿಡಿಸಿ ಹೇಳಿ, ಕಡ್ಡಿ ಇಸ್ಕೊಂಡು ಕಸದ ಬುಟ್ಟಿಗೆ ಹಾಕಿದ್ರು. ಮಾವ ಆ ಬುಟ್ಟಿ ಕಡೆ ಸುಮಾರು ಹೊತ್ತು ನೋಡ್ತಾ ಇದ್ರು. ಅತ್ತೆ ವಾಪಸ್ ಬರ್ತಾ ಕಾರಲ್ಲಿ ಒಂದೇ ಮಾತು, "ನಾನು ಕೊಟ್ಟಿದ್ದು ಗಂಟಲಿಗೆ, ಗಂಟಲು ವಾಸಿಯಾಯ್ತೋ ಇಲ್ವೋ ಅದನ್ನ ಹೇಳಿ."

ಮುಂದಿನ ಸಲ ಬರೋವಾಗ ಮನೇಲಿ ಕುಡಿಯೋದು, ನುಂಗೋದು, ಜಗಿಯೋದು ಎಲ್ಲಾ ಬರ್ಕೊಂಡು ಬನ್ನಿ ಅಂದಿದ್ದಾರೆ ಡಾಕ್ಟ್ರು. ಸರಿ, ನಾನು ಪೆನ್ನು ಪೇಪರ್ ಹಿಡ್ಕೊಂಡು ಅತ್ತೆ ಮುಂದೆ ಕೂತೆ. ಅವ್ರು ಹೇಳ್ತಾ ಹೋದ್ರು, ನಾನು ಬರೀತಾ ಹೋದೆ, ಪೇಪರಿನ ಎರಡೂ ಕಡೆ ತುಂಬಿದ್ಮೇಲೆ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. "ಅಳತೆನೇ ಬರೆದಿಲ್ವಲ್ಲೇ" ಅಂದ್ರು. "ಹೀಗೆ ಕೊಟ್ರೆ ಪಾಪ ಆ ಡಾಕ್ಟ್ರು ಮನೇಲಿ ಹೇಗೆ ಮಾಡ್ಕೋತಾರೆ?"