ಅಮ್ಮನ ಕೈಗೆ ಸ್ವಲ್ಪ ಟೈಮ್ ಕೊಡಿ

ಈ ಸಂಕ್ರಾಂತಿಗೆ ಹಾಸನಕ್ಕೆ ಬಂದಿದ್ದೆ. ಅಮ್ಮ ನೀರಿನ ಲೋಟಕ್ಕೆ ಬಲಗೈ ಚಾಚಿದಳು. ಲಕ್ವ ಹೊಡೆದು ಎಂಟು ತಿಂಗಳಾದ ಕೈ. ಬೆರಳು ಇನ್ನೂ ಲೋಟ ಮುಟ್ಟಿರಲಿಲ್ಲ. "ಅಯ್ಯೋ, ನಾನಿಲ್ವಾ ಅಕ್ಕ?" ಅಂತ ಚಿಕ್ಕಮ್ಮ ಓಡಿ ಬಂದು ಕುಡಿಸಿಯೇ ಬಿಟ್ಟರು. ಅಮ್ಮನ ಕೈ ಮೆಲ್ಲಗೆ ಮಡಿಲಿಗೆ ವಾಪಸ್ ಹೋಯಿತು. ನನಗೆ ಚುರ್ ಅಂದಿತು.

ನಾನಿರುವ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪಕ್ಕದ ಮನೆ ತಾತನಿಗೂ ಸ್ಟ್ರೋಕ್ ಆಗಿತ್ತು. ಕೈಗೆ ರೋಬಾಟ್ ನೆರವಿನ ವ್ಯಾಯಾಮ ಕೊಡುವ ಪ್ರಯೋಗಕ್ಕೆ ಅವರು ಸೇರಿದ್ದರು. ದಿನಕ್ಕೆ 45 ನಿಮಿಷ, ವಾರಕ್ಕೆ 3 ದಿನ, ಒಟ್ಟು 12 ವಾರ. ಅಮೆರಿಕದ ಎಂಐಟಿ ಅನ್ನೋ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಯಂತ್ರ ಅದು. ಮುಂಗೈಯನ್ನು ಅದಕ್ಕೆ ಪಟ್ಟಿ ಹಾಕಿ ಕಟ್ಟುತ್ತಾರೆ. ಪರದೆ ಮೇಲೆ ಚುಕ್ಕಿ ಕಾಣುತ್ತದೆ, ಕೈಯನ್ನು ಅಲ್ಲಿಗೆ ಒಯ್ಯಬೇಕು. ಕೈ ತಾನಾಗಿ ಹೋದರೆ ಯಂತ್ರ ಸುಮ್ನಿರುತ್ತದೆ. ಹೋಗದಿದ್ದಾಗ ಮಾತ್ರ ಆಸರೆ ಕೊಡುತ್ತದೆ. ಹೀಗೆ ಒಂದೇ ಸಲಕ್ಕೆ ನೂರಾರು ಬಾರಿ. ಪೆಟ್ಟಾದ ಮಿದುಳು ಮತ್ತೆ ಕಲಿಯುವುದು ಮಾಡಿ ಮಾಡಿಯೇ ಅಲ್ವಾ?

ಆ ಯಂತ್ರಕ್ಕಿರುವ ತಾಳ್ಮೆ ನಮಗಿಲ್ಲ. ತಾತ ಅಂಗಿ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಒದ್ದಾಡುತ್ತಿದ್ದರೆ ಅವರ ಹೆಂಡತಿ ಎದುರಿಗೇ ಕೂತು ನೋಡುತ್ತಿದ್ದರು. ಎಂಥ ಕಲ್ಲು ಮನಸ್ಸು ಅಂದುಕೊಂಡಿದ್ದೆ. ನಮ್ಮಲ್ಲಿ ತುತ್ತು ಬಾಯಿಗೆ ಬರುತ್ತದೆ, ತಲೆ ಬೇರೆಯವರು ಬಾಚುತ್ತಾರೆ, ಸೆರಗೂ ಬೇರೆಯವರೇ ಸರಿ ಮಾಡುತ್ತಾರೆ. ಅಮ್ಮನನ್ನು ಫಿಸಿಯೋಥೆರಪಿಗೆ ಎರಡು ವಾರ ಕರೆದುಕೊಂಡು ಹೋದರು, ಆಮೇಲೆ ಬಿಟ್ಟರು. ದಿನಾ ಎಣ್ಣೆ ನೀವುತ್ತಾರೆ, ಸರಿ. ಆದರೆ ನೀವಿಸಿಕೊಳ್ಳುವ ಕೈ ತಾನಾಗಿ ಏನು ಮಾಡಿದ ಹಾಗಾಯಿತು?

ತಾತ ಸೇರಿದ್ದ ಆ ಪ್ರಯೋಗದ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 770 ಜನ ಸೇರಿದ್ದರು. ದಿನನಿತ್ಯದ ಕೆಲಸಕ್ಕೆ ಕೈ ಒದಗುವುದರಲ್ಲಿ ಮಾಮೂಲಿ ಚಿಕಿತ್ಸೆಗಿಂತ ರೋಬಾಟ್‌ನಿಂದ ಜಾಸ್ತಿ ಲಾಭ ಕಾಣಲಿಲ್ಲ. ಇದನ್ನೂ ಹೇಳಬೇಕು. ಇನ್ನೊಂದು ಮಾತು. 12 ವಾರ ಮುಗಿದ ಮೇಲೆ ತಾತನ ಮನೆಗೆ ಬರುವವರೇ ಕಮ್ಮಿ. ಇಲ್ಲಿ ಅಮ್ಮನ ಸುತ್ತ ಯಾವಾಗಲೂ ನಾಲ್ಕು ಜನ. ಮೊದಲ ತಿಂಗಳು ಚಿಕ್ಕಮ್ಮ ಒಂದು ರಾತ್ರಿಯೂ ಸರಿಯಾಗಿ ಮಲಗಿಲ್ಲ. ಗ್ಲಾಸ್ಗೋದಲ್ಲಿ ಕೂತು ಫೋನ್ ಮಾಡುತ್ತಿದ್ದ ನಾನು ಆ ಕೆಲಸ ಮಾಡಲಿಲ್ಲ.

ಹೊರಡುವ ಹಿಂದಿನ ದಿನ, ನೆನೆಸಿದ ಅವರೆಕಾಳಿನ ಬೋಗುಣಿ ಅಮ್ಮನ ಮುಂದಿಟ್ಟೆ. ಹಿತುಕುವುದಕ್ಕೆ ಹೆಬ್ಬೆರಳು, ತೋರುಬೆರಳು ಎರಡೂ ಬೇಕು. ಮೊದಲ ಕಾಳು ಜಾರಿತು. ಎರಡನೆಯದೂ ಜಾರಿತು. ಚಿಕ್ಕಮ್ಮನ ಕೈ ಮುಂದೆ ಬಂತು, ನಾನು ಮೆತ್ತಗೆ ಹಿಡಿದುಕೊಂಡೆ. "ಸ್ವಲ್ಪ ತಾಳಿ ಚಿಕ್ಕಮ್ಮ." ಅಮ್ಮ ತುಟಿ ಕಚ್ಚಿ ಒತ್ತಿದಳು. ಕಾಳು ಸಿಪ್ಪೆ ಬಿಟ್ಟು ಚಿಮ್ಮಿ ಚಿಕ್ಕಮ್ಮನ ಸೆರಗಿಗೆ ಬಿತ್ತು. ಅಮ್ಮ ಆಗಲೇ ಇನ್ನೊಂದಕ್ಕೆ ಕೈ ಹಾಕಿದ್ದಳು.