ಯುದ್ಧದ ಕಾದಂಬರಿಯನ್ನೂ ಚರ್ಚೆಗೆ ತನ್ನಿ

ಗ್ರಂಥಾಲಯದ ಓದುಗರ ಬಳಗದಲ್ಲಿ ಐತಿಹಾಸಿಕ ಯುದ್ಧದ ಕಾದಂಬರಿ ಇಟ್ಟರೆ ಚರ್ಚೆ ಬರೀ ಶೌರ್ಯದ ಹೊಗಳಿಕೆಗೆ ನಿಲ್ಲುತ್ತದೆ ಅಂತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ.

ನಮ್ಮ ಬಳಗದಲ್ಲಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದೆವು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಗಿದ್ದು ಎಲ್ಲರಿಗೂ ಗೊತ್ತಿತ್ತು. ಕೊನೆ ಗೊತ್ತಿದ್ದೂ ಪುಸ್ತಕ ಕೆಳಗಿಡಲು ಆಗಲಿಲ್ಲವಲ್ಲ, ಯಾಕೆ? ಮಾತು ಶುರುವಾಗಿದ್ದೇ ಅಲ್ಲಿಂದ. ಮದಕರಿ ನಾಯಕ ಎಲ್ಲಿ ಎಡವಿದ ಅಂತ ಜೋರು ವಾದವೇ ನಡೆಯಿತು.

ದುರ್ಗದ ಕಡೆಯವರೊಬ್ಬರು ಕೋಟೆಯ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ ಅಂತ ಬೆರಳಿಟ್ಟು ತೋರಿಸಿದರು. ಬೆಟ್ಟದ ಮೇಲೆ ಬಿದ್ದ ಮಳೆನೀರು ಮೇಲಿನ ಹೊಂಡ ತುಂಬಿದ ಮೇಲೆ ಕೆಳಗಿನದಕ್ಕೆ ಇಳಿಯುತ್ತದೆ. ನೀರಿಲ್ಲದೆ ಮುತ್ತಿಗೆ ತಡೆಯೋದು ಹೇಗೆ, ಅಲ್ವಾ? ಕತ್ತಿ, ಕುದುರೆ ಬದಿಗೆ ಹೋಗಿ ಕಾಳು, ಎಣ್ಣೆ, ನೀರಿನ ಮಾತು ಬಂತು. ಕೋಟೆಯೊಳಗಿನ ಮಕ್ಕಳಿಗೆ ಊಟ ಯಾರು ಹಾಕಿದರು ಅಂತ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು. ನನಗೆ ಅದೇ ಅವತ್ತಿನ ದೊಡ್ಡ ಪ್ರಶ್ನೆ.

ಒನಕೆ ಓಬವ್ವನ ಪ್ರಸಂಗ ಬಂದಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಜನ ಹೇಳಿಕೊಂಡು ಬಂದಿದ್ದು ಯಾವುದು, ದಾಖಲೆಯಲ್ಲಿ ಇರೋದು ಯಾವುದು, ಕಾದಂಬರಿಕಾರರು ಕಟ್ಟಿದ್ದು ಯಾವುದು ಅಂತ ಬಿಡಿಸಿ ನೋಡಬೇಕು. ಪಕ್ಕದಲ್ಲಿ ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ಇತಿಹಾಸ, ವಿವರ ಇರುವ ಸರ್ಕಾರಿ ಗ್ರಂಥ, ಇಟ್ಟುಕೊಂಡರೆ ಅನುಕೂಲ.

ಪುಸ್ತಕ ದಪ್ಪ ಇದೆ, ಒಂದೇ ಸಭೆಗೆ ಮುಗಿಯಲ್ಲ. ಎರಡು-ಮೂರು ಕಂತು ಮಾಡಿಕೊಳ್ಳಿ. ಜಾಸ್ತಿ ಪ್ರತಿ ತರಿಸಿಕೊಡಿ ಅಂತ ಗ್ರಂಥಪಾಲಕರನ್ನು ಮೊದಲೇ ಕೇಳಿ.